ಭಾನುವಾರಕ್ಕೊಂದು ಜೇಬು

ಕೌಲ್ ಬಜಾರಿನ ನಮ್ಮ ಯೂನಿಟ್ಟಿಗೆ
ಈ ಭಾನುವಾರ ಕರೆಂಟಿಲ್ಲ.
ಸೇಠು ಒಂದು ಬಸ್ಸು ಮಾಡಿದ್ದಾನೆ.
ಹೊಸಪೇಟೆ ರೋಡಿಗೆ ಹೊಸದಾಗಿ ಆಗಿದೆಯಲ್ಲ,
ನೀರು, ಜಾರುಬಂಡಿ, ತಿರುಗೋ ತೊಟ್ಟಿಲು,
ಅಲ್ಲಿಗೆ.
ಹದಿನೇಳು ಹೆಂಗಸರು, ಮಕ್ಕಳಿಗೆ ಅರ್ಧ ಟಿಕೆಟ್ಟು.
ಮೇ ತಿಂಗಳು. ಬೆಳಿಗ್ಗೆ ಎಂಟಕ್ಕೇ
ಗೋಡೆ ಮುಟ್ಟಿದ ಕೈ ತಾನೇ ಹಿಂದಕ್ಕೆ ಬರುತ್ತೆ.

ಟ್ರಂಕು ತೆಗೆದೆ.
ಮೇಲಿದ್ದದ್ದು ಮದುವೆ ಸೀರೆ. ಅದರ ಜರಿ
ಕಂಕುಳಲ್ಲಿ ಇರುವೆ ಬಿಟ್ಟಂಗೆ.
ಕೆಳಗೆ ನೈಲೆಕ್ಸು: ಹಗುರ, ಇಸ್ತ್ರಿ ಬೇಡ,
ಬೆವರು ಮಾತ್ರ ಒಳಗೇ ಕುದಿಯುತ್ತೆ
ಮುಚ್ಚಳ ಮುಚ್ಚಿದ ಅನ್ನದಂಗೆ.
ಸುಂಕಮ್ಮನ ತಂಗಿ ಕೊಟ್ಟ ಪಾಲಿಯೆಸ್ಟರ್ ಚೂಡಿದಾರ,
ಕಣ್ಣಿಗೆ ತಂಪು, ಮೈಗೆ ತಗಡು.

ಕೈಯಿಟ್ಟರೆ ಸಾಕು, ಗೊತ್ತಾಗುತ್ತೆ ನನಗೆ.
ಹನ್ನೊಂದು ವರ್ಷ ಬೆರಳಲ್ಲಿ ಬಟ್ಟೆ ಓದಿದ್ದೇನೆ.
ಅಕ್ಷರ ಓದಿದ್ದು ನಾಲ್ಕನೇ ಕ್ಲಾಸಿನ ತನಕ.

ಹುಲಿಗಿಗೆ ಹದಿನಾಲ್ಕು. ಜೀನ್ಸೇ ಬೇಕು.
ಸೆಕೆಂಡ್ಸಿನಲ್ಲಿ ಬಂದ ಪೀಸು, ಎಡಗಾಲು ಒಂದು ನೂಲು ಉದ್ದ.
"ಬ್ಯಾಡಮ್ಮಾ. ತೊಡೆ ಸಂದ್ಯಾಗೆ
ನಾಲ್ಕು ಹೊಲಿಗೆ ಕೂಡೋ ಜಾಗ ಐತಲ್ಲ,
ಅಲ್ಲಿ ಕೊರಿತೈತಿ. ನೀರು ಕುಡಿದರೆ ಮೂರು ಕೇಜಿ.
ಹೊಲ್ದಾಕಿ ನಾನೇ ಹೇಳ್ತೀನಿ."
"ಮತ್ತೆ ಯಾರಿಗೆ ಹೊಲಿತೀಯ?" ಅಂದಳು.

ಯಾರಿಗೋ. ಲಾರಿ ಹತ್ತಿದ ಮೇಲೆ ನನಗೆ ಗೊತ್ತಿಲ್ಲ.
ಎಲ್ಲೋ ಚಳಿ ಇರೋ ಊರಿರಬೇಕು,
ಅಲ್ಲಿಯ ಕಾಲುಗಳಿಗೆ ಬೆವರಲಿಕ್ಕೆ ಬರಲಿಕ್ಕಿಲ್ಲ.

ಟ್ರಂಕಿನ ತಳದಲ್ಲಿ ಅತ್ತೆಯ ಹತ್ತಿ ಸೀರೆ.
ಗೋರಂಟಿ ಬಣ್ಣ ಒಗೆದು ಒಗೆದು ಮಜ್ಜಿಗೆಯಾಗಿದೆ.
ಗಲ್ಲಕ್ಕಿಟ್ಟೆ: ನೀರು ತುಂಬಿದ ಹರವಿಯ ಮಗ್ಗುಲು.
ಕತ್ತರಿ ಹಾಕುವಾಗ ಒಂದು ಗಳಿಗೆ ಕೈ ನಿಂತಿತು.
ಆಕೆ ಇದ್ದಿದ್ದರೆ ಬಯ್ಯುತ್ತಿದ್ದಳು, ಆಮೇಲೆ
ತೋಳು ಬಿಗಿಯಾಯಿತು, ಇನ್ನೆರಡು ಬೆರಳು ಬಿಡು, ಅನ್ನುತ್ತಿದ್ದಳು.
ಬಿಟ್ಟೆ.

ಅಗಲ ತೋಳಿನ ಅಂಗಿ, ದೊಗಳೆ ಪೈಜಾಮ,
ಲಾಡಿ ಸೀರೆಯ ಅಂಚಿನದೇ.
ರಾತ್ರಿ ಒಂದಕ್ಕೆ, ಮುಗಿಯಿತು ಅನ್ನುವಾಗ,
ಏನೋ ಬಿಟ್ಟಂಗೆ.

ದಿನಕ್ಕೆ ಇನ್ನೂರ ನಲವತ್ತು ಜೇಬು ಹೊಲಿಯುತ್ತೇನೆ,
ಮುಂದಿನದು, ಹಿಂದಿನದು, ಚಿಲ್ಲರೆ ಹಾಕೋ ಮರಿಜೇಬು,
ಮೂಲೆಮೂಲೆಗೆ ಗಟ್ಟಿ ಟಾಕು.
ನನ್ನ ದುಡ್ಡು ಕುಪ್ಪಸದಲ್ಲಿ,
ಬೀಗದ ಕೈ ಸೆರಗಿನ ಗಂಟಲ್ಲಿ,
ಬಸ್ ಚೀಟಿ ಬಳೆ ಸಂದಿಯಲ್ಲಿ.
ಗೋಣಿಯ ಚಿಂದಿ ಕೆದಕಿ
ಅಂಗೈ ಅಗಲದ ಒಂದು ನೀಲಿ ತುಂಡು ತೆಗೆದೆ,
ಬಲಕ್ಕೆ ಹಚ್ಚಿದೆ.

ಕೊಳದ ಗೇಟಿನವನು ತಡೆದ.
ಹತ್ತಿ ಬಟ್ಟೆ ನೀರಿಗಿಲ್ಲ. ನೈಲಾನು ಬಾಡಿಗೆಗೆ, ಎಂಬತ್ತು.
ಮಾಬುನ್ನಿ ಜಗಳಾಡಿ, ಸೋತು, ಬಾಡಿಗೆಯದು ತೊಟ್ಟು,
ಅಲೆ ಬಂದಾಗ ಎಲ್ಲರಿಗಿಂತ ಜೋರಾಗಿ ಕಿರುಚಿದಳು.
ನಾನು ಒಣಗಿದ ಕಡೆಗೆ ನಡೆದು
ತೊಟ್ಟಿಲು ಹತ್ತಿದೆ.

ತುತ್ತತುದಿಯಲ್ಲಿ ನಿಂತಿತು.
ಅತ್ತ ಮಸುಕಾಗಿ ಬಳ್ಳಾರಿ ಗುಡ್ಡ, ಒಂದೇ ಕಲ್ಲು.
ಇತ್ತ ತೋರಣಗಲ್ಲಿನ ಹೊಗೆ.
ಗಾಳಿ ಎಡತೋಳಲ್ಲಿ ಹೊಕ್ಕು ಬಲತೋಳಲ್ಲಿ ಹೋಯಿತು,
ಯಾರನ್ನೂ ಕೇಳಲಿಲ್ಲ.
ಕೈ ತಾನಾಗೇ ಜೇಬಿಗೆ ಇಳಿಯಿತು.
ಅಲ್ಲೇನೂ ಇರಲಿಲ್ಲ. ಇಡೋದೇ ಮರೆತಿದ್ದೆ.
ಓಹೋ, ಇಷ್ಟೇನಾ ಇದು?
ಕೆಲಸವಿಲ್ಲದ ಕೈಗೆ
ಕೂರಲಿಕ್ಕೊಂದು ಜಾಗ.
ಇಳಿಯೋ ತನಕ ತೆಗೆಯಲಿಲ್ಲ.

ಸಂಜೆ ಹುಲಿಗಿ, ಒದ್ದೆ ಮೈಗೆ ಜೀನ್ಸ್ ಏರಿಸಿಕೊಂಡು,
ಕಾಲಗಲಿಸಿ ಬಾತುಕೋಳಿಯಂಗೆ ಬಸ್ಸಿಗೆ ಬಂದಳು.
ಸುಂಕಮ್ಮ ನಕ್ಕಳು. ನಾನೇನೂ ಅನ್ನಲಿಲ್ಲ.
ಕುಡುತಿನಿ ದಾಟಿದ ಮೇಲೆ,
ಕಿಟಕಿಗೆ ಮುಖ ಮಾಡಿಕೊಂಡೇ,
"ಆ ಸೀರೆ ಇನ್ನೂ ಉಳಿದೈತಾ?"
"ಐತಿ."
"ಎರಡು ಜೇಬು ಇಡು."